ಮುನಿಆಂಜಿನಪ್ಪನ ಬಲಗಣ್ಣು ಮತ್ತು ಮಾಯವಾದ ರೆಡ್ಡು

ಕೊಡಿಗೇಹಳ್ಳಿಯ ಹಳೇ ಬೀದಿಗಳಲ್ಲಿ ಯಾರ ಮನೆಯಲ್ಲಾದರೂ ಕರೆಂಟು ಹೋದರೆ ಮೊದಲ ಫೋನು ಹೋಗುವುದು ಮುನಿಆಂಜಿನಪ್ಪನಿಗೆ. ಅವನು ಬರುತ್ತಾನೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಾನೆ, ಫ್ಯೂಸು ಮುಟ್ಟುವುದಕ್ಕೂ ಮೊದಲು ಮನೆಯವರಿಗೆ ಒಂದು ಸುತ್ತು ಬೈಯುತ್ತಾನೆ. ಗೀಸರನ್ನೂ ಮಿಕ್ಸಿಯನ್ನೂ ಒಂದೇ ಪ್ಲಗ್ಗಿಗೆ ಸಿಕ್ಕಿಸಿದ್ದೀರಲ್ಲ, ಅದೇನು ಕಾಮಧೇನುವೇ ಎಂದು ಕೇಳುತ್ತಾನೆ. ಬೈಗುಳ ಮುಗಿಯುವ ಹೊತ್ತಿಗೆ ದೀಪ ಹತ್ತಿರುತ್ತದೆ. ಆಮೇಲೆ ಕಾಫಿ ಕೊಟ್ಟರೆ ಕುಡಿಯುತ್ತಾನೆ, ಕೊಡದಿದ್ದರೆ ಕೇಳಿ ಕುಡಿಯುತ್ತಾನೆ.

ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಐದು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ. ಅದರ ವೈರಿಂಗು ಮಾಡಿದವನು ಇವನೇ. ಇದರಲ್ಲಿ ಏನೋ ದುಃಖದ ಕಥೆ ಇದೆ ಎಂದು ಯಾರಾದರೂ ಮುಖ ಸಪ್ಪೆ ಮಾಡಿಕೊಂಡು ಬಂದರೆ ಮುನಿಆಂಜಿನಪ್ಪ ನಕ್ಕುಬಿಡುತ್ತಾನೆ. ಬಿಸಿಲಲ್ಲಿ ಸೊಂಟ ಬಗ್ಗಿಸಿ ಕಳೆ ಕಿತ್ತವನಿಗೆ ಗೊತ್ತು, ನೆರಳಲ್ಲಿ ನೆಟ್ಟಗೆ ನಿಂತು ವೈರು ಎಳೆಯುವುದರ ಸುಖ. ಅರವತ್ತು ದಾಟಿದೆ, ಮಗಳ ಮದುವೆಯಾಗಿದೆ, ಸ್ವಂತ ಮನೆಯಿದೆ, ಮನೆಯ ಮುಂದೆಯೇ ಬಲ್ಬು ಸ್ವಿಚ್ಚು ಮಾರುವ ಅಂಗಡಿಯಿದೆ. ಹೆಂಡತಿ ಸರಳಾ ಮಾಡುವ ಸಾರಿಗೆ ಇಡೀ ಬೀದಿಯಲ್ಲಿ ಹೆಸರಿದೆ. ಇಷ್ಟಾದ ಮೇಲೆ ದೇವರನ್ನು ಬೇಡುವುದಕ್ಕೆ ಏನೂ ಉಳಿದಿಲ್ಲವೆಂದು ಅವನೇ ಹೇಳುತ್ತಿದ್ದ.

ಅವನಿಗೆ ಒಂದೇ ಒಂದು ಜಂಬ. ಅದು ಅವನ ಬಲಗಣ್ಣು. ಗೋಡೆಯ ಮೇಲೆ ಸ್ವಿಚ್‌ಬೋರ್ಡು ಕೂರಿಸುವಾಗ ಬೇರೆಯವರು ದಾರ ಹಿಡಿಯುತ್ತಾರೆ, ಮಟ್ಟಗೋಲು ಇಡುತ್ತಾರೆ. ಮುನಿಆಂಜಿನಪ್ಪ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಒಮ್ಮೆ ನೋಡುತ್ತಾನೆ, "ಎಡಗಡೆ ಒಂದು ನೂಲಷ್ಟು ಎತ್ತು" ಎನ್ನುತ್ತಾನೆ, ಮುಗಿಯಿತು. ಆಮೇಲೆ ಮಟ್ಟಗೋಲು ಇಟ್ಟು ನೋಡಿದರೂ ಅದು ಅವನ ಕಣ್ಣಿನ ಮಾತನ್ನೇ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಈ ಜಂಬ ಸ್ವಲ್ಪ ಜಾಸ್ತಿಯೇ ಆಗಿತ್ತು.

ಅವನ ಜೀವದ ಗೆಳೆಯ ಕಾಶಿನಾಥ. ಮುಧೋಳದ ಕಡೆಯವನು. ಹರೆಯದಲ್ಲಿ ಜಾಲಹಳ್ಳಿಯ ಕಾರ್ಖಾನೆಗೆ ಫಿಟ್ಟರ್ ಕೆಲಸಕ್ಕೆಂದು ಬಂದು, ಇಲ್ಲೇ ನಿವೃತ್ತನಾಗಿ, ವಿದ್ಯಾರಣ್ಯಪುರದಲ್ಲಿ ಮನೆ ಕಟ್ಟಿಕೊಂಡವನು. ಆ ಮನೆಯ ವೈರಿಂಗಿಗೆ ಮುನಿಆಂಜಿನಪ್ಪ ಹೋಗಿದ್ದಾಗ ನಡುಮನೆಯ ಫ್ಯಾನಿನ ಕೊಂಡಿ ಎಲ್ಲಿರಬೇಕೆಂದು ಇಬ್ಬರಿಗೂ ಜೋರು ಜಗಳವಾಗಿತ್ತು. ಜಗಳದ ಕೊನೆಗೆ ಕಾಶಿನಾಥನ ಮನೆಯವರು ಇಬ್ಬರಿಗೂ ಜೋಳದ ರೊಟ್ಟಿ ಬಡಿಸಿದರು. ಅಲ್ಲಿಂದ ಶುರುವಾದ ಸ್ನೇಹ. ಇವನ ಮಾತಿನಲ್ಲಿ ಹಕಾರವಿಲ್ಲ, ಅವನ ಮಾತಿನಲ್ಲಿ ಅವಸರವಿಲ್ಲ. ಒಬ್ಬ "ಮುನ್ಯಾ" ಎಂದರೆ ಇನ್ನೊಬ್ಬ "ಏನ್ಲಾ ಕಾಸಿ" ಎನ್ನುತ್ತಿದ್ದ.

ಪ್ರತಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಾಶಿನಾಥ ಸ್ಕೂಟರಿನಲ್ಲಿ ಬರುತ್ತಿದ್ದ. ಅಂಗಡಿಯ ಶಟರು ಅರ್ಧ ಇಳಿಸಿ, ಒಳಗೆ ಕೇರಂ ಬೋರ್ಡು ಹಾಕಿ, ಪೌಡರು ಚಿಮುಕಿಸಿ, ಎದುರುಬದುರು ಕೂತರೆ ಸಂಜೆ ಕಾಫಿಯವರೆಗೆ ಏಳುತ್ತಿರಲಿಲ್ಲ. ಪಕ್ಕದ ಟೈಲರ್ ನಜೀರ್ ಒಂದು ಸ್ಟೂಲು ತಂದುಕೊಂಡು ಆಟ ನೋಡುತ್ತಿದ್ದ. ನೋಡುತ್ತಿದ್ದ ಎನ್ನುವುದಕ್ಕಿಂತ ಅಲ್ಲಿ ಕೂತಿರುತ್ತಿದ್ದ ಎನ್ನುವುದು ಸರಿ.

ಅವರೆಕಾಯಿಯ ಕಾಲದ ಒಂದು ಭಾನುವಾರ ಆ ಅನಾಹುತ ನಡೆಯಿತು.

ಆಟ ಕೊನೆಗೆ ಬಂದಿತ್ತು. ಮುನಿಆಂಜಿನಪ್ಪನ ಒಂದು ಬಿಳಿ ಕಾಯಿ ಆಚೆ ಮೂಲೆಯ ಎಡಗಡೆ ಪಾಕೆಟ್ಟಿನ ಹತ್ತಿರ ಇತ್ತು. ಅದರ ಬಲಕ್ಕೆ, ಒಂದು ಗೇಣು ದೂರದಲ್ಲಿ ಕೆಂಪು ಕಾಯಿ, ಎಲ್ಲರೂ ಆಸೆಪಡುವ ರೆಡ್ಡು, ಕೂತಿತ್ತು. ಬಿಳಿಯನ್ನು ಹೊಡೆದಾಗ ಸ್ಟ್ರೈಕರ್ ವಾಪಸು ಬಂದು ರೆಡ್ಡಿಗೆ ತಗುಲಿಬಿಟ್ಟರೆ ಕಷ್ಟ. ಆದ್ದರಿಂದ ಅವನು ತನ್ನ ಪದ್ಧತಿಯಂತೆ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಬಿಳಿಯ ಮೇಲೆ ನೆಟ್ಟು, ಮನಸ್ಸನ್ನು ಮಾತ್ರ ರೆಡ್ಡಿನ ಮೇಲೆ ಇಟ್ಟ.

ರೆಡ್ಡು ಅಲ್ಲಿರಲಿಲ್ಲ.

ಅದು ಇದ್ದ ಜಾಗದಲ್ಲಿ ಬರೀ ಬೋರ್ಡಿನ ಮರ ಕಾಣುತ್ತಿತ್ತು. ಗಾಬರಿಯಾಗಿ ಎರಡೂ ಕಣ್ಣು ತೆರೆದ. ರೆಡ್ಡು ಇದೆ. ಮತ್ತೆ ಎಡಗಣ್ಣು ಮುಚ್ಚಿ ಗುರಿ ಹಿಡಿದ. ಇಲ್ಲ. ತೆರೆದರೆ ಇದೆ. ಕಾಶಿನಾಥನ ಕೈ ಬೋರ್ಡಿನ ಕಟ್ಟಿನ ಮೇಲೆ, ರೆಡ್ಡಿಗೆ ಒಂದು ಬೆರಳು ದೂರದಲ್ಲಿ, ಪೌಡರ್ ಡಬ್ಬಿ ಹಿಡಿದುಕೊಂಡು ಕೂತಿತ್ತು. ಮುನಿಆಂಜಿನಪ್ಪನ ತಲೆಯಲ್ಲಿ ಎರಡೂ ಎರಡೂ ಕೂಡಿ ನಾಲ್ಕಾಯಿತು.

"ಯಾಕ್ಲಾ ಕಾಯಿ ಎತ್ತೆತ್ತಿ ಇಡ್ತಿದೀಯ?" ಎಂದ.

"ಯಾವ ಕಾಯಿ?"

"ರೆಡ್ಡು ಕಣೋ! ನಾನು ಗುರಿ ಇಡಿದಾಗ ಎತ್ತೋದು, ಕಣ್ ಬಿಟ್ರೆ ಇಡೋದು. ನಾನೇನ್ ಕುರುಡ್ನಾ?"

"ಏ ಮುನ್ಯಾ, ಹುಚ್ಚಗಿಚ್ಚ ಹಿಡದೈತೇನ ನಿನಗ? ನಾ ಕಾಯಿ ಮುಟ್ಟೇ ಇಲ್ಲ."

"ನನ್ ಕಣ್ಣಾರೆ ನೋಡಿದೀನಿ! ನಜೀರ್, ನೀನೂ ನೋಡ್ದೆ ತಾನೆ?"

"ನಾನ್ ಮೊಬೈಲ್ ನೋಡ್ತಿದ್ದೆ ಗುರು," ಎಂದ ನಜೀರ್.

ಇಷ್ಟಕ್ಕೇ ನಿಂತಿದ್ದರೆ ಕಾಫಿಯ ಹೊತ್ತಿಗೆ ಎಲ್ಲ ಸರಿಹೋಗುತ್ತಿತ್ತು. ಆದರೆ ಕಾಶಿನಾಥ ನಕ್ಕುಬಿಟ್ಟ. "ವಯಸ್ಸಾತು, ಕಣ್ಣ ತೋರಸ್ಕೋ ಹೋಗು" ಎಂದ. ಯಾವ ಮಾತು ಬೇಕಾದರೂ ಅನ್ನಬಹುದಿತ್ತು, ಆ ಬಲಗಣ್ಣಿನ ಮಾತು ಅನ್ನಬಾರದಾಗಿತ್ತು. ಮುನಿಆಂಜಿನಪ್ಪ ಎದ್ದು ನಿಂತ. ಬೀದಿಗೆ ಕೇಳುವಷ್ಟು ಜೋರಾಗಿ ಕಿರುಚಿದ.

"ಕಳ್ಳಾಟ ಆಡಿ ನನ್ ಕಣ್ಣಿಗೇ ಏಳ್ತೀಯಾ? ಸತ್ಯವಂತ ಆದ್ರೆ ಬಾರ್ಲಾ, ಮುನೇಶ್ವರನ ಮುಂದೆ ಕರ್ಪೂರ ಆರ್ಸು!"

ನಜೀರ್ ಮೊಬೈಲಿನಿಂದ ತಲೆ ಎತ್ತಿದ. ಕಾಶಿನಾಥನ ನಗು ನಿಂತಿತು.

ಆ ಮಾತು ಹುಡುಗಾಟದ್ದಲ್ಲ. ಕೊಡಿಗೇಹಳ್ಳಿಯ ಹಳಬರಲ್ಲಿ ಕೋಳಿ ಕಳುವಾದರೂ, ಹೊಲದ ಕಲ್ಲು ಸರಿದರೂ, ಕೊನೆಯ ತೀರ್ಮಾನ ಅದೇ. ದೇವರ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಆಪಾದನೆ ಹೊತ್ತವನು "ನಾನು ಮಾಡಿಲ್ಲ" ಎಂದು ಅಂಗೈಯಿಂದ ಉರಿ ಆರಿಸಬೇಕು. ಸುಳ್ಳು ಹೇಳಿ ಆರಿಸಿದವನನ್ನು ದೇವರು ನೋಡಿಕೊಳ್ಳುತ್ತಾನೆ. ತಪ್ಪಿಲ್ಲದವನು ಆರಿಸುವಂತೆ ಮಾಡಿದರೆ, ದೂರು ಕೊಟ್ಟವನ ಮನೆಗೂ ಒಳ್ಳೆಯದಾಗುವುದಿಲ್ಲ. ಈ ಎರಡಕ್ಕಿಂತ ದೊಡ್ಡದು ಇನ್ನೊಂದಿದೆ. ಕರ್ಪೂರದ ತನಕ ಹೋದ ಇಬ್ಬರು ಮತ್ತೆ ಒಂದೇ ತಟ್ಟೆಯಲ್ಲಿ ಕಡಲೆಕಾಯಿ ತಿಂದದ್ದನ್ನು ಊರಲ್ಲಿ ಯಾರೂ ನೋಡಿಲ್ಲ.

ಕಾಶಿನಾಥ ಪೌಡರ್ ಡಬ್ಬಿಯ ಮುಚ್ಚಳ ಹಾಕಿದ. ನಿಧಾನವಾಗಿ ಎದ್ದ.

"ಆತು. ಬರೋ ಐತಾರ ಮುಂಜಾನೆ ಜಳಕಾ ಮಾಡಿ ಬರ್ತೀನಿ. ಆರಿಸ್ತೀನಿ," ಎಂದ. ಸ್ಕೂಟರು ಹತ್ತಿ ಹೋದ.

ಆ ರಾತ್ರಿಯ ಊಟ ಮುನಿಆಂಜಿನಪ್ಪನಿಗೆ ರುಚಿಸಲಿಲ್ಲ. ಮಾರನೆಯ ದಿನದ್ದೂ ರುಚಿಸಲಿಲ್ಲ. ಆಡಬಾರದ ಮಾತು ಆಡಿದೆನೆಂದು ಒಳಗೇ ಗೊತ್ತಿತ್ತು. ಆದರೆ ಕಣ್ಣಾರೆ ಕಂಡದ್ದನ್ನು ಕಂಡಿಲ್ಲವೆನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಸರಳಾ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು ಮೂರನೆಯ ದಿನ ಶುರುಮಾಡಿದಳು.

"ಪ್ರತ್ಯಕ್ಷವಾಗಿ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ. ನೀವು ಕಂಡಿದ್ದೇ ತಡ ಕರ್ಪೂರಕ್ಕೆ ಓದ್ರಿ. ಆ ಅಣ್ಣ ನಮ್ ಮಗಳ ಮದ್ವೇಲಿ ಬಾಳೆಎಲೆ ಎತ್ತಿದವ್ರು ಕಣ್ರಿ. ಅವ್ರು ಜುಜುಬಿ ಕಾಯಿ ಕದೀತಾರಾ?"

"ಏಗೆ ಎತ್ತಿದ ಅಂತ ತೋರಿಸ್ತೀನಿ ಬಾ ಇಲ್ಲಿ," ಎಂದ ಮುನಿಆಂಜಿನಪ್ಪ.

ಬೋರ್ಡು ಹಾಕಿದ. ಬಿಳಿ ಕಾಯಿ ಅದೇ ಜಾಗಕ್ಕೆ, ರೆಡ್ಡು ಅದೇ ಜಾಗಕ್ಕೆ. ಕಾಶಿನಾಥನ ಕುರ್ಚಿಯಲ್ಲಿ ಸರಳಾಳನ್ನು ಕೂರಿಸಿದ. ಅವಳು ಸಿಪ್ಪೆ ಹಿತುಕಲು ನೆನೆಹಾಕಿದ್ದ ಅವರೆಕಾಳಿನ ಬೋಗುಣಿಯನ್ನೂ ತಂದು ತೊಡೆಯ ಮೇಲೆ ಇಟ್ಟುಕೊಂಡಳು. ಗಂಡನ ಹುಚ್ಚಾಟಕ್ಕಾಗಿ ಸಂಜೆಯ ಸಾರು ನಿಲ್ಲಿಸುವ ಹೆಂಗಸಲ್ಲ.

"ನಾನು ಇಂಗೆ ಕಣ್ಣು ಮುಚ್ದೆ. ಇಂಗೆ ಬಿಳಿ ನೋಡ್ದೆ. ಆವಾಗ ಅವ್ನು..."

ರೆಡ್ಡು ಮತ್ತೆ ಮಾಯವಾಗಿತ್ತು.

"ಯಾಕೇ ಎತ್ತಿದೆ?"

"ಏನ್ನ?"

"ರೆಡ್ಡ!"

ಸರಳಾ ಎರಡೂ ಕೈ ಮೇಲೆತ್ತಿ ತೋರಿಸಿದಳು. ಹತ್ತು ಬೆರಳಿಗೂ ಅವರೆಯ ಸಿಪ್ಪೆ ಅಂಟಿಕೊಂಡಿತ್ತು. "ನನ್ ಎರಡು ಕೈನೂ ಬೋಗುಣೀಲೇ ಇದ್ವು. ಮೂರನೇದು ಎಲ್ಲಿಂದ ತರ್ಲಿ?"

ಮುನಿಆಂಜಿನಪ್ಪ ಮತ್ತೆ ಕಣ್ಣು ಮುಚ್ಚಿದ. ರೆಡ್ಡು ಹೋಯಿತು. ತೆರೆದ, ಬಂತು. ರೆಡ್ಡಿನ ಜಾಗಕ್ಕೆ ಕರಿ ಕಾಯಿ ಇಟ್ಟ. ಅದೂ ಹೋಯಿತು. ಒಂದು ಅವರೆಕಾಳು ಇಟ್ಟ. ಅದೂ ಇಲ್ಲ. ಮೊದಲು ಹೊಳೆದದ್ದು ಕಾಶಿನಾಥ ಕಳ್ಳನಲ್ಲ ಎಂಬುದು. ಎರಡನೆಯದಾಗಿ ಹೊಳೆದದ್ದು ತನ್ನ ಬಲಗಣ್ಣು ಕೆಟ್ಟಿದೆ ಎಂಬುದು. ಮೊದಲನೆಯದರಿಂದ ಆದ ನಾಚಿಕೆ ಎಷ್ಟಿತ್ತೆಂದರೆ ಎರಡನೆಯದಕ್ಕೆ ಹೆದರಲೂ ಪುರಸೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಕಣ್ಣು ತೋರಿಸಲು ಹೊರಟ. ಅವನಿಗೆ ಗೊತ್ತಿದ್ದ ಕಣ್ಣು ನೋಡುವವರು ಒಬ್ಬರೇ. ಸಹಕಾರನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಶಿವಾನಿ. ಅದಕ್ಕೆಂದೇ ಕಾಲೇಜಿನಲ್ಲಿ ಓದಿದ ಹುಡುಗಿ. ಕಾಶಿನಾಥನ ಮಗಳು. ದೇವರು ಮೂಗು ಹಿಡಿದರೆ ಬಾಯಿ ತೆರೆಯಲೇಬೇಕಲ್ಲ. ಅಂಗಡಿಯ ಗಾಜಿನ ಬಾಗಿಲ ಮುಂದೆ ಆಚೆ ಈಚೆ ಓಡಾಡಿ, ಕೊನೆಗೆ ಒಳಗೆ ಹೋದ.

"ಬರ್ರಿ ಕಾಕಾ!" ಎಂದು ಅವಳು ಎದ್ದು ಕುರ್ಚಿ ಎಳೆದಳು. ಅವಳಿಗೆ ಏನೂ ಗೊತ್ತಿಲ್ಲವೆಂದು ಅವನಿಗೆ ತಿಳಿಯಿತು. "ಅಪ್ಪಗ ಏನಾಗೇದೋ ಕಾಕಾ, ಮೂರು ದಿನದಿಂದ ಅರ್ಧ ರೊಟ್ಟಿಗೇ ಏಳ್ತಾರೆ. ಕೇಳಿದ್ರೆ ಮೈ ಬಿಸಿ ಅಂತಾರೆ. ನೀವಾದ್ರೂ ಬಂದು ಬೈಯ್ರಿ."

ಮುನಿಆಂಜಿನಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕೂತುಕೊಂಡು ಕಣ್ಣಿನ ವಿಷಯವಷ್ಟನ್ನೇ ಹೇಳಿದ. ಶಿವಾನಿ ಯಂತ್ರದಲ್ಲಿ ಇಣುಕಿ ನೋಡಿದಳು, ಅಕ್ಷರ ಓದಿಸಿದಳು, ಲೈಟು ಬಿಟ್ಟು ಪರೀಕ್ಷಿಸಿದಳು.

"ಕಣ್ಣು ಚೊಲೋ ಅದಾವು ಕಾಕಾ. ಏನೂ ಆಗಿಲ್ಲ."

"ಏನೂ ಆಗ್ದೆ ಕಾಯಿ ಮಾಯ ಆಯ್ತದಾ ಮಗ?"

ಅವಳು ನಕ್ಕು ಅವನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಹೆಬ್ಬೆರಳುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದಳು. ಎಡಗಣ್ಣು ಮುಚ್ಚಿ ಎಡ ಹೆಬ್ಬೆರಳನ್ನೇ ನೋಡುತ್ತಾ ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಲು ಹೇಳಿದಳು. ಮುಕ್ಕಾಲು ಗೇಣು ಸರಿಯುವ ಹೊತ್ತಿಗೆ ಬೆರಳಿನ ತುದಿ ಇಲ್ಲವಾಯಿತು. ಇನ್ನೂ ಸರಿಸಿದರೆ ಮತ್ತೆ ಬಂತು.

"ಈಗ ನಾ ಮಾಡ್ತೀನಿ ನೋಡ್ರಿ. ನನಗೂ ಮಾಯ ಆತು. ಹೊರಗ ನಿಂತ ಗಿರಾಕೀಗೂ ಆಗ್ತದ. ಹುಟ್ಟಿದ ಎಲ್ಲಾರಿಗೂ ಒಂದೊಂದು ಕಣ್ಣಿನ್ಯಾಗ ಒಂದೊಂದು ಕುರುಡು ಜಾಗ ಇರ್ತದ."

"ಯಾಕೆ?"

ಶಿವಾನಿ ಒಂದು ಕ್ಷಣ ಯೋಚಿಸಿದಳು. ಎದುರಿಗೆ ಕೂತವರು ಎಲೆಕ್ಟ್ರಿಷಿಯನ್ ಎಂಬುದು ನೆನಪಿಗೆ ಬಂತು. ಕಣ್ಣಿನ ಹಿಂದಿನ ಗೋಡೆಯ ಮೇಲೆ ಬೆಳಕನ್ನು ಹಿಡಿಯುವ ಸಣ್ಣ ಸಣ್ಣ ಕಣಗಳು ಕೋಟಿಗಟ್ಟಲೆ ಇರುತ್ತವೆ, ಅವು ಕಂಡ ಸುದ್ದಿಯನ್ನು ಮಿದುಳಿಗೆ ಒಯ್ಯುವುದಕ್ಕೆ ನರದ ಎಳೆಗಳಿರುತ್ತವೆ ಎಂದಳು. ಆ ಎಳೆಗಳು ಗೋಡೆಯ ಹಿಂದೆ ಇಲ್ಲ. ಮುಂದೆ, ಬೆಳಕು ಬರುವ ಕಡೆಯೇ ಹರಡಿಕೊಂಡಿವೆ. ಎಲ್ಲವೂ ಒಂದು ಕಡೆ ಸೇರಿ, ಕಂತೆಯಾಗಿ, ಗೋಡೆಯನ್ನು ತೂರಿ ಹಿಂದಕ್ಕೆ ಹೋಗಬೇಕು. ಆ ತೂತಿನ ಜಾಗದಲ್ಲಿ ಬೆಳಕು ಹಿಡಿಯುವ ಕಣಗಳಿಲ್ಲ. ಅಲ್ಲಿ ಬಿದ್ದದ್ದು ಕಾಣುವುದಿಲ್ಲ.

ಮುನಿಆಂಜಿನಪ್ಪನಿಗೆ ತನ್ನ ಸಂಕಟವೆಲ್ಲ ಮರೆತುಹೋಯಿತು. "ವೈರೆಲ್ಲ ಮುಂದ್ಗಡೆ ಎಳೆದು, ಆಮೇಲೆ ಗೋಡೆ ತೂತು ಒಡೆದು ಇಂದಕ್ಕೆ ಬಿಟ್ಟವ್ನಾ? ಅದ್ಯಾವನಮ್ಮ ಮೇಸ್ತ್ರಿ? ಇಂದ್ಗಡೆಯಿಂದ್ಲೇ ಎಳೀಬೋದಿತ್ತಲ್ಲ!"

"ಸಮುದ್ರದಾಗಿನ ಆಕ್ಟೋಪಸ್ಸಿಗೆ ಹಂಗೇ ಅದ. ಅದಕ್ಕ ಕುರುಡು ಜಾಗ ಇಲ್ಲ."

"ಮೀನಿನ್ ಜಾತಿಗೆ ಸರಿಯಾಗ್ ಮಾಡಿ ನಮ್ಗೆ ಇಂಗಾ?"

"ನಮ್ಮ ಕಣಕ್ಕ ರಕ್ತ, ಊಟ ಎಲ್ಲಾ ಹಿಂದಿನ ಗೋಡೆಯಿಂದ ಬರ್ತದ ಕಾಕಾ. ಭಾಳ ಬೇಕಾಗ್ತದ ಅವಕ್ಕ. ಅದಕ್ಕ ಗೋಡೆಗೆ ಅಂಟಿಕೊಂಡೇ ಇರ್ತಾವು. ವೈರಿಗೆ ಉಳಿದಿದ್ದು ಮುಂದಿನ ಜಾಗ."

"ಮೇನ್ ಸಪ್ಲೈ ಇಂದೆ," ಎಂದು ಮುನಿಆಂಜಿನಪ್ಪ ತಲೆಯಾಡಿಸಿದ. ಅಷ್ಟು ಕೇಳಿದ ಮೇಲೆ ಆ ಮೇಸ್ತ್ರಿಯ ಮೇಲಿನ ಅವನ ಸಿಟ್ಟು ಸ್ವಲ್ಪ ಇಳಿಯಿತು. "ಸರಿ, ತೂತಿದ್ರೆ ಅಲ್ಲಿ ಕಪ್ಪಗೆ ಕಾಣ್ಬೇಕಲ್ಲ? ನಂಗೆ ಬೋರ್ಡಿನ ಮರ ಕಾಣ್ತಿತ್ತು."

"ಮಿದುಳು ಸುತ್ತಮುತ್ತ ಏನ್ ಇರ್ತದೋ ಅದನ್ನೇ ಅಲ್ಲಿ ತುಂಬಿಬಿಡ್ತದ. ಕಾಣಲಿಲ್ಲ ಅಂತ ಹೇಳಂಗಿಲ್ಲ, ಅಲ್ಲಿ ಏನೂ ಇಲ್ಲ ಅಂತ ಹೇಳ್ತದ. ಎರಡೂ ಕಣ್ಣು ತೆರೆದಿದ್ರ ಒಂದು ಬಿಟ್ಟಿದ್ದನ್ನ ಇನ್ನೊಂದು ನೋಡ್ತದ. ಅದಕ್ಕ ನಮಗ್ಯಾರಿಗೂ ಜನ್ಮ ಪೂರ್ತಿ ಗೊತ್ತೇ ಆಗಂಗಿಲ್ಲ. ನೀವು ಇಷ್ಟು ವರ್ಷ ಒಂದೇ ಕಣ್ಣಾಗ ಗುರಿ ಹಿಡಿದೀರಿ, ಎಷ್ಟು ಸಲ ಮಾಯ ಆಗಿದ್ದೀತೋ. ಗಮನ ಕೊಟ್ಟಿದ್ದು ಈಗ. ಅದಿರಲಿ, ಇದು ನಿಮಗ ಹೆಂಗ ಗೊತ್ತಾತು?"

ಆಗ ಅವನು ಎಲ್ಲವನ್ನೂ ಹೇಳಿದ. ಕರ್ಪೂರದ ಮಾತನ್ನೂ ಮುಚ್ಚಿಡಲಿಲ್ಲ. ಶಿವಾನಿ ಮೊದಲು ನಗಲು ಹೋದಳು, ಅರ್ಧಕ್ಕೆ ನಿಲ್ಲಿಸಿದಳು. ಅಪ್ಪ ಅರ್ಧ ರೊಟ್ಟಿಗೆ ಏಳುವುದು ಯಾಕೆಂದು ಅವಳಿಗೆ ಈಗ ತಿಳಿಯಿತು. "ಫೋನ್ ಹಚ್ಚಿ ಕೊಡ್ತೀನಿ, ಮಾತಾಡ್ರಿ ಕಾಕಾ," ಎಂದಳು.

"ಬ್ಯಾಡ ಮಗ. ಬೀದೀಲಿ ನಿಂತ್ ಕಿರುಚಿದವ್ನು ನಾನು. ಫೋನಲ್ಲಿ ಪಿಸುಗುಟ್ಟಿದ್ರೆ ಆಗಲ್ಲ. ನೀನೂ ಏನೂ ಏಳ್ಬ್ಯಾಡ," ಎಂದು ಎದ್ದ.

ಭಾನುವಾರ ಬೆಳಿಗ್ಗೆ ಮುನೇಶ್ವರನ ಗುಡಿಯ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಜನ ಸೇರಿದ್ದರು. ಬೀದಿಯಲ್ಲಿ ಕಿರುಚಿದರೆ ಆಗುವುದು ಅದೇ. ನಜೀರ್ ಕೂಡ ಬಂದು ಅರಳಿಕಟ್ಟೆಯ ಹತ್ತಿರ ನಿಂತಿದ್ದ, ಈ ಸಲ ಮೊಬೈಲು ಜೇಬಿನಲ್ಲಿತ್ತು. ಕಾಶಿನಾಥ ತಲೆಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಪಂಚೆ ಉಟ್ಟು ಬಂದ. ಮುಖ ಇಳಿದಿತ್ತು. ಗೆಳೆಯನ ಕಡೆ ನೋಡಲೂ ಇಲ್ಲ. ಪೂಜಾರಿ ದಾಸಪ್ಪ ತಟ್ಟೆಯಲ್ಲಿ ಕರ್ಪೂರ ಇಟ್ಟು ಹಚ್ಚಿದ. ಕಾಶಿನಾಥ ಮುಂದೆ ಬಂದು ಅಂಗೈ ಎತ್ತಿದ.

ಅಷ್ಟರಲ್ಲಿ ಮುನಿಆಂಜಿನಪ್ಪ ನುಗ್ಗಿ ಬಂದು ತನ್ನ ಅಂಗೈಯನ್ನು ಉರಿಯ ಮೇಲೆ ಒತ್ತಿಬಿಟ್ಟ.

"ನಮ್ ಕಾಸಿ ಕಾಯಿ ಮುಟ್ಟಿಲ್ಲ," ಎಂದ, ಹೋದ ಭಾನುವಾರ ಕಿರುಚಿದಷ್ಟೇ ಜೋರಾಗಿ. "ಕಳ್ಳ ನನ್ ಕಣ್ಣು. ನಮ್ಮಪ್ಪ ಮುನೇಶ್ವರ ಸಾಕ್ಷಿ."

"ಏಯ್, ಆರಿಸ್ಬೇಕಾದವ್ನು ಅವ್ನು ಕಣೋ! ದೂರು ಕೊಟ್ಟವ್ನೇ ಆರಿಸೋದು ಎಲ್ಲಾದ್ರೂ ಉಂಟಾ?" ಎಂದು ದಾಸಪ್ಪ ರೇಗಿದ. ಜನ ಗುಜುಗುಜು ಮಾತಾಡಿದರು. ಕಾಶಿನಾಥ ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದ.

ಮುನಿಆಂಜಿನಪ್ಪ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಕೈ ಚಾಚಿಸಿ, ಹೆಬ್ಬೆರಳು ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿದ. "ಎಡಗಡೇದೇ ನೋಡು. ಬಲಗಡೇದು ಸರ್ಸು. ಇನ್ನೊಂಚೂರು. ಓಯ್ತಾ?"

ಕಾಶಿನಾಥ ಬೆರಳನ್ನು ಹಿಂದೆ ತಂದ, ಮತ್ತೆ ಸರಿಸಿದ. ಮತ್ತೆ ತಂದ. ಮುನಿಆಂಜಿನಪ್ಪ ಪಕ್ಕದಲ್ಲಿ ಕೂತು ವೈರು, ತೂತು, ಆಕ್ಟೋಪಸ್ಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತಪ್ಪಾಯ್ತು ಕಣ್ಲಾ ಕಾಸಿ, ಒಡೀ ಬೇಕಾದ್ರೆ" ಎಂದ. ಕಾಶಿನಾಥನ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಒಂದು ಹಳೇ ಲೆಕ್ಕ ತಪ್ಪಿಹೋದವನಂತೆ ಬೆಪ್ಪಾಗಿ ಕೂತಿದ್ದ.

"ಮುನ್ಯಾ," ಎಂದ ಕೊನೆಗೆ, ಮೆಲ್ಲಗೆ. "ನನಗೂ ಹಿಂಗ ಆಗ್ತಿತ್ತಲ್ಲೋ."

"ಏನು?"

"ಒಂದು ಕಣ್ಣು ಮುಚ್ಚಿ ಗುರಿ ಹಿಡಿಯೋದು ನೀನ ಕಲಿಸಿದ್ದಲ್ಲ ನನಗ. ಹಿಡಿದಾಗ ಒಮ್ಮೊಮ್ಮೆ ಕಾಯಿ ಇರತಿದ್ದಿಲ್ಲ. ಕಣ್ಣ ತೆರೆದ್ರ ಇರತಿತ್ತು. ಭಾಳ ವರ್ಷ ಆತು."

"ಮತ್ತೆ ನೀನೇನ್ ಅಂದ್ಕೊಂಡೆ?"

"ನೀ ಎತ್ತಿಡ್ತಿ ಅಂದ್ಕೊಂಡೆ."

ಮುನಿಆಂಜಿನಪ್ಪ ಅವನ ಕಡೆ ತಿರುಗಿದ. "ಇಷ್ಟ್ ವರ್ಷ ನನ್ನ ಕಳ್ಳ ಅಂದ್ಕೊಂಡಿದ್ಯಾ? ಊರಿಗ್ ಓಗುವಾಗೆಲ್ಲ ನಿನ್ ಮನೆ ಬೀಗದಕೈ ನನ್ ಕೈಗೆ ಕೊಟ್ ಓಗ್ತಿದ್ದೆಲ್ಲೋ!"

"ಕೇರಂ ಕಾಯಿ ಕಳ್ಳ ಅಂದ್ಕೊಂಡಿದ್ದೆ. ಮನಿ ಕಳ್ಳ ಅಂದ್ನೇನ?"

"ಒಂದಿನಾನೂ ಕೇಳ್ಲಿಲ್ವಲ್ಲೋ."

"ಕೇಳಿದ್ರ ನೀ ಸಿಟ್ಟಾಗಿ ಆಟ ಬಿಡ್ತಿದ್ದಿ," ಎಂದ ಕಾಶಿನಾಥ. "ಐತಾರ ನಾ ಎಲ್ಲಿ ಹೋಗಬೇಕಿತ್ತು?"

ಮುನಿಆಂಜಿನಪ್ಪ ಒಂದೇ ಒಂದು ಸಲ ಕಂಡು ಊರನ್ನೇ ಸೇರಿಸಿದ್ದ. ಇವನು ವರ್ಷಗಟ್ಟಲೆ ಕಂಡೂ ಎದುರಿಗೆ ಕೂತು, ಪೌಡರು ಚಿಮುಕಿಸಿ, ಸೋತು, ಕಾಫಿ ಕುಡಿದು ಎದ್ದು ಹೋಗಿದ್ದ. ನಾಚಿಕೆಯಿಂದ ತಲೆ ತಗ್ಗಿತು. ಅದಕ್ಕಿಂತ ದೊಡ್ಡದಾದ ಒಂದು ಸಂತೋಷ ಎದೆಯೊಳಗೆ ಏರಿ ಬಂತು. ಅಂಗೈ ಚುರುಗುಡುತ್ತಿರುವುದು ಆಗ ಗೊತ್ತಾಗಿ ಕೈ ಒದರಿದ. ಕಾಶಿನಾಥ ಆ ಕೈಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ಮಸಿಯನ್ನು ತನ್ನ ಬಿಳಿ ಪಂಚೆಯ ಅಂಚಿನಿಂದ ಒರೆಸತೊಡಗಿದ.